300 ರೂಪಾಯಿ ಟೆಸ್ಟ್ ಪ್ಯಾಕೇಜಿನಲ್ಲೇ ಇರಲಿಲ್ಲ: ಮೈಸೂರಿನಲ್ಲಿ ಮಾಡಿಸಿದ ಲಿವರ್ ಚೆಕಪ್

ನಮ್ಮಪ್ಪ 2016ರಲ್ಲಿ ಲಿವರ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಅವರಿಗೆ 62 ವರ್ಷ. ಕಾಯಿಲೆ ಗೊತ್ತಾದ ಮೇಲೆ ಉಳಿದಿದ್ದು ನಾಲ್ಕೇ ತಿಂಗಳು. ಅಪ್ಪ ಒಂದು ತೊಟ್ಟು ಕುಡಿದವರಲ್ಲ. ಆದರೂ ತಿಥಿಯ ದಿನ ಊಟಕ್ಕೆ ಕೂತವರೊಬ್ಬರು, "ಕದ್ದು ಕುಡೀತಿದ್ನೇನೋ, ಇಲ್ದಿದ್ರೆ ಲಿವರ್ ಯಾಕೆ ಹೋಗ್ತದೆ" ಅಂದರು. ನಾನು ಪಾಯಸದ ಪಾತ್ರೆ ಹಿಡಿದು ಅಲ್ಲೇ ನಿಂತಿದ್ದೆ. ಆ ಮಾತು ಇವತ್ತಿಗೂ ಮರೆತಿಲ್ಲ.

ನಾನು ಮಂಡ್ಯದಲ್ಲಿ ಗಾಣದ ಎಣ್ಣೆ ಮಾಡಿ ಮಾರುತ್ತೇನೆ. ಅಪ್ಪನ ಕಾಲದಿಂದಲೂ ಇದೇ ಕೆಲಸ. ಕಡಲೆಕಾಯಿ, ಕೊಬ್ಬರಿ, ಎಳ್ಳು. ವಯಸ್ಸು 44. ಕಳೆದ ಮಾರ್ಚ್‌ನಲ್ಲಿ ಮೈಸೂರಿನ ಒಂದು ಖಾಸಗಿ ಕ್ಲಿನಿಕ್‌ನಲ್ಲಿ ಲಿವರ್ ಚೆಕಪ್ ಪ್ಯಾಕೇಜ್ ಮಾಡಿಸಿದೆ. ಅದರ ಬಗ್ಗೆ ಬರೆಯುತ್ತಿದ್ದೇನೆ. ದೂರುಗಳೂ ಇವೆ, ಆದ್ದರಿಂದ ಕ್ಲಿನಿಕ್ಕಿನ ಹೆಸರು ಹಾಕುವುದಿಲ್ಲ. ಇಂಥ ಪ್ಯಾಕೇಜುಗಳು ಈಗ ಎಲ್ಲ ಊರಲ್ಲೂ ಇವೆ. ಏನು ಕೇಳಬೇಕು, ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ ಅನ್ನೋದು ನಿಮಗೆ ಗೊತ್ತಾದರೆ ಸಾಕು.

ಪ್ಯಾಕೇಜಿಗೆ 3,600 ರೂಪಾಯಿ. ಲಿವರ್ ಫಂಕ್ಷನ್ ಟೆಸ್ಟ್, ರಕ್ತದ ಕಣಗಳ ಎಣಿಕೆ, ಶುಗರ್, ಕೊಲೆಸ್ಟ್ರಾಲ್, ಎಎಫ್‌ಪಿ ಅನ್ನುವ, ಲಿವರ್ ಕ್ಯಾನ್ಸರಿನ ಸುಳಿವು ಹುಡುಕುವ ಒಂದು ರಕ್ತಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್, ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಫೈಬ್ರೋಸ್ಕ್ಯಾನ್, ಕೊನೆಗೆ ಡಾಕ್ಟರ ಭೇಟಿ. ಕೌಂಟರಿನ ಹುಡುಗಿ ಬಿಲ್ ಮಾಡುವಾಗಲೇ, "ಮೇಡಂ, ಫ್ಯಾಮಿಲೀಲಿ ಕ್ಯಾನ್ಸರ್ ಇದೆ ಅಂತೀರಾ, ಜೀನ್ ಟೆಸ್ಟ್ ಸೇರಿಸಿಬಿಡಿ, 7,000 ಅಷ್ಟೇ" ಅಂದಳು. ಅಪ್ಪನನ್ನು ನೆನೆಸಿಕೊಂಡು ಹೂಂ ಅಂದುಬಿಟ್ಟೆ. ಡಾಕ್ಟರನ್ನು ನೋಡುವ ಮೊದಲೇ ಇಷ್ಟು ದುಡ್ಡಿನ ಟೆಸ್ಟ್ ಮಾರುವುದು ಸರಿಯಲ್ಲ. ಇದು ಮೊದಲನೇ ದೂರು.

ಎರಡನೇದು ಹೊಟ್ಟೆಪಾಡಿನದು. ಬೆಳಿಗ್ಗೆ ಟ್ರೈನಿಗೆ ಹೊರಟು ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟೆ. "ತಿಂಡಿ ತಿನ್ಕೊಂಡು ಬನ್ನಿ" ಅಂದರು. ಎರಡು ಇಡ್ಲಿ, ಒಂದು ವಡೆ ತಿಂದು ಬಂದೆ. ಸ್ಕ್ಯಾನ್ ರೂಮಿನವರು, "ಯಾಕ್ ತಿಂದ್ರಿ? ಮೂರು ಗಂಟೆ ಏನೂ ತಿಂದಿರಬಾರದು" ಅಂದರು. ತಿಂದ ಮೇಲೆ ಲಿವರಿಗೆ ರಕ್ತದ ಓಟ ಜಾಸ್ತಿಯಾಗಿ, ಅದು ಇರುವುದಕ್ಕಿಂತ ಗಟ್ಟಿಯಾಗಿ ಕಾಣುತ್ತದಂತೆ. ಸಕಾರಣವೇ. ಆದರೆ ಒಂದೇ ಕಟ್ಟಡದಲ್ಲಿ ಕೆಳಗಿನವರು ಒಂದು ಹೇಳಿ ಮೇಲಿನವರು ಇನ್ನೊಂದು ಹೇಳಿದರೆ ಹೇಗೆ? ನನ್ನ ಪಕ್ಕದಲ್ಲಿ ಪಾಂಡವಪುರದ ಕಡೆಯ ಒಬ್ಬರು ವಯಸ್ಸಾದ ಅಜ್ಜಿಗೂ ಇದೇ ಆಯಿತು. ಆಕೆಗೆ ಶುಗರ್ ಬೇರೆ. ಮಧ್ಯಾಹ್ನದವರೆಗೂ ಕೂತಿದ್ದರು.

ಫೈಬ್ರೋಸ್ಕ್ಯಾನ್ ಮಾತ್ರ ತುಂಬ ಚೆನ್ನಾಗಿ ಮಾಡಿದರು. ಅಂಗಾತ ಮಲಗಿ ಬಲಗೈ ತಲೆಯ ಹಿಂದೆ ಇಟ್ಟುಕೊಳ್ಳಬೇಕು. ಪಕ್ಕೆಲುಬಿನ ಸಂದಿಯಲ್ಲಿ ಜೆಲ್ ಹಚ್ಚಿ ಒಂದು ಉಪಕರಣ ಒತ್ತುತ್ತಾರೆ. ಬೆರಳಲ್ಲಿ ಮೆಲ್ಲಗೆ ತಟ್ಟಿದ ಹಾಗಾಗುತ್ತದೆ, ನೋವಿಲ್ಲ. ಆ ತಟ್ಟಿದ ಅಲೆ ಲಿವರಿನೊಳಗೆ ಎಷ್ಟು ಬೇಗ ಓಡುತ್ತದೆ ಅಂತ ಯಂತ್ರ ಅಳೆಯುತ್ತದೆ. ಗಟ್ಟಿಯಾದಷ್ಟೂ ಓಟ ಜೋರು. ಕಡಿಮೆ ಅಂದರೆ ಹತ್ತು ಸಲ ಸರಿಯಾದ ಅಳತೆ ಸಿಗಬೇಕು. ಸ್ಕ್ಯಾನ್ ಮಾಡಿದ ಹುಡುಗಿ ಅವಸರ ಮಾಡದೆ ಹತ್ತನ್ನೂ ಎಣಿಸಿ ನನಗೆ ತೋರಿಸಿದಳು. ನನ್ನದು 5.4 ಕಿಲೋಪಾಸ್ಕಲ್ ಬಂತು. 8ರ ಒಳಗಿದ್ದರೆ ಲಿವರ್ ಅಪಾಯದ ಮಟ್ಟಕ್ಕೆ ಗಟ್ಟಿಯಾಗಿರುವ ಸಾಧ್ಯತೆ ಬಹಳ ಕಡಿಮೆ. ಕೊಬ್ಬಿನ ಅಳತೆ ಮಾತ್ರ ಜಾಸ್ತಿ ಇತ್ತು. ಅಂದರೆ ಫ್ಯಾಟಿ ಲಿವರ್. ನಾನೂ ಕುಡಿಯುವವಳಲ್ಲ.

ಇನ್ನು ಡಾಕ್ಟರ ವಿಷಯ. ಈ ರಿವ್ಯೂ ಬರೆಯುತ್ತಿರುವುದೇ ಅವರಿಂದ.

ಅಪ್ಪನ ಹಳೆಯ ಫೈಲು ತೆಗೆದುಕೊಂಡು ಹೋಗಿದ್ದೆ. ಒಂಬತ್ತು ವರ್ಷ ಅದು ಜಮೀನಿನ ಪತ್ರಗಳ ಜೊತೆ ಟ್ರಂಕಿನಲ್ಲಿತ್ತು. ಬಿಚ್ಚಲು ನಮಗೆ ಯಾರಿಗೂ ಮನಸ್ಸು ಬಂದಿರಲಿಲ್ಲ. ಡಾಕ್ಟರು ಒಂದೊಂದೇ ಹಾಳೆ ತಿರುವಿ, ಮಧ್ಯದಲ್ಲಿ ಒಂದು ಕಡೆ ನಿಂತರು. ಒಂದು ಸಾಲಿನ ಮೇಲೆ ಬೆರಳಿಟ್ಟು, "ಅಮ್ಮ, ಇದನ್ನ ಯಾರೂ ನಿಮಗೆ ಬಿಡಿಸಿ ಹೇಳಲಿಲ್ವಾ?" ಅಂದರು. ಅಲ್ಲಿ ಎಚ್‌ಬಿಎಸ್‌ಎಜಿ ಪಾಸಿಟಿವ್ ಅಂತ ಇತ್ತು. ಅಪ್ಪನಿಗೆ ಹೆಪಟೈಟಿಸ್ ಬಿ ವೈರಸ್ ಇತ್ತು. ಎಷ್ಟು ವರ್ಷದಿಂದ ಇತ್ತೋ. ಆಗ ನೋಡಿಕೊಂಡ ಆಸ್ಪತ್ರೆಯಲ್ಲಿ ಬರೆದು ಫೈಲಿಗೆ ಸೇರಿಸಿದರು, ಮನೆಯವರೆಲ್ಲ ಟೆಸ್ಟ್ ಮಾಡಿಸಿಕೊಳ್ಳಿ ಅಂತ ಒಂದು ಮಾತು ಹೇಳಲಿಲ್ಲ. ನಾನು ಅಲ್ಲೇ ಅತ್ತುಬಿಟ್ಟೆ. ಅಪ್ಪ ಕದ್ದು ಕುಡಿದಿರಲಿಲ್ಲ ಅಂತ ಕಾಗದದಲ್ಲೇ ಇತ್ತು, ಅಲ್ವಾ? ತಿಥಿ ಊಟದಲ್ಲಿ ಮಾತಾಡಿದವರಿಗೆ ತೋರಿಸಬಹುದಿತ್ತು.

ಡಾಕ್ಟರು ಸುಮ್ಮನೆ ಕಾದರು. ಆಮೇಲೆ ನಿಧಾನವಾಗಿ ಹೇಳಿದರು. ಈ ವೈರಸ್ ಲಿವರಿನಲ್ಲಿ ಹತ್ತಾರು ವರ್ಷ ಸದ್ದಿಲ್ಲದೆ ಇರಬಲ್ಲದು. ನೋವಿಲ್ಲ, ಕಾಮಾಲೆಯೂ ಕಾಣಬೇಕಂತಿಲ್ಲ. ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಬರಬಹುದು. ರಕ್ತದಿಂದ, ಸರಿಯಾಗಿ ಶುದ್ಧ ಮಾಡದ ಸೂಜಿಯಿಂದ, ಒಬ್ಬರ ಬ್ಲೇಡು ಇನ್ನೊಬ್ಬರು ಬಳಸುವುದರಿಂದ, ದೈಹಿಕ ಸಂಪರ್ಕದಿಂದ ಬರಬಹುದು. ಚಿಕ್ಕ ವಯಸ್ಸಲ್ಲಿ ಅಂಟಿದರೆ ಜೀವನಪೂರ್ತಿ ಉಳಿದುಬಿಡುವುದೇ ಜಾಸ್ತಿ. ಲಿವರ್ ಕ್ಯಾನ್ಸರಿಗೆ ಸಾಮಾನ್ಯವಾಗಿ ಮೊದಲು ಲಿವರ್ ಗಾಯವಾಗಿ ಗಟ್ಟಿಯಾಗಿರುತ್ತದೆ, ಅದಕ್ಕೆ ಸಿರೋಸಿಸ್ ಅನ್ನುತ್ತಾರೆ. ಆದರೆ ಹೆಪಟೈಟಿಸ್ ಬಿ ಇದ್ದವರಿಗೆ ಸಿರೋಸಿಸ್ ಇಲ್ಲದೆಯೂ ಕ್ಯಾನ್ಸರ್ ಬರಬಹುದು.

ಈಗ ಪ್ಯಾಕೇಜಿನ ಪಟ್ಟಿ ಇನ್ನೊಮ್ಮೆ ನೋಡಿ. ಹೆಪಟೈಟಿಸ್ ಬಿ ಟೆಸ್ಟ್ ಅದರಲ್ಲಿಲ್ಲ! ಹೆಪಟೈಟಿಸ್ ಸಿ ಟೆಸ್ಟೂ ಇಲ್ಲ. 7,000ದ ಟೆಸ್ಟನ್ನು ಬಾಯಿಬಿಟ್ಟು ಕೇಳಿದವರು 300 ರೂಪಾಯಿಯ ಟೆಸ್ಟನ್ನು ಕೇಳಲಿಲ್ಲ. ಡಾಕ್ಟರು ಬರೆದುಕೊಟ್ಟ ಮೇಲೆ ಬಿ ಟೆಸ್ಟಿಗೆ 300, ಸಿ ಟೆಸ್ಟಿಗೆ 500 ಕಟ್ಟಿದೆ. ಇದು ನನ್ನ ದೊಡ್ಡ ದೂರು. ಡಾಕ್ಟರಿಗೂ ಹೇಳಿದೆ. "ಮ್ಯಾನೇಜ್‌ಮೆಂಟಿಗೆ ನಾನೂ ಹೇಳ್ತಾನೇ ಇದೀನಿ" ಅಂದರು. ನೀವು ಯಾವುದೇ ಊರಿನಲ್ಲಿ ಲಿವರ್ ಪ್ಯಾಕೇಜ್ ತಗೊಳ್ಳಿ, ಇವೆರಡು ಟೆಸ್ಟ್ ಇವೆಯಾ ಅಂತ ಮೊದಲು ಕೇಳಿ.

ನನಗೆ ಎರಡೂ ನೆಗೆಟಿವ್ ಬಂತು. ಅಮ್ಮನಿಗೆ ಹೆಪಟೈಟಿಸ್ ಬಿ ಯಾವಾಗಲೋ ಬಂದು ತಾನಾಗೇ ಹೋಗಿದೆ, ಅದರ ಗುರುತು ರಕ್ತದಲ್ಲಿದೆ. ಅಣ್ಣನಿಗೆ ಬಿ ಪಾಸಿಟಿವ್.

ಅಣ್ಣನನ್ನು ಟೆಸ್ಟಿಗೆ ಹೊರಡಿಸಿದ್ದೇ ಒಂದು ಸಾಹಸ. "ನಂಗೇನಾಗದೆ ಬಿಡವ್ವ, ಗಟ್ಟಿಮುಟ್ಟಾಗಿವ್ನಿ" ಅಂತ ಗದ್ದೆಗೆ ಹೋಗಿಬಿಟ್ಟಿದ್ದ. ಎರಡು ದಿನ ಅವನ ಜೊತೆ ಮಾತು ಬಿಟ್ಟೆ. ಮೂರನೇ ದಿನ ತಾನೇ ಫೋನ್ ಮಾಡಿ, "ಯಾವ್ ಟ್ರೈನ್‌ಗೆ ಹೋಗದು?" ಅಂದ. ಅಪ್ಪನೂ ಅವನೂ ಎಷ್ಟೋ ವರ್ಷ ಒಂದೇ ರೇಜರಿನಲ್ಲಿ ಗಡ್ಡ ಮಾಡಿಕೊಳ್ಳುತ್ತಿದ್ದರು. ಹಾಗೇ ಬಂತು ಅಂತ ಹೇಳುವುದಕ್ಕಾಗುವುದಿಲ್ಲ, ಚಿಕ್ಕಂದಿನಲ್ಲೇ ಬಂದಿರಬಹುದು. ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡಿ ಡಾಕ್ಟರು ಮಾತ್ರೆ ಶುರು ಮಾಡಿದರು. ಟೆನೋಫೋವಿರ್, ದಿನಕ್ಕೆ ಒಂದು. ಪೂರ್ತಿ ಓಡಿಸುವುದಿಲ್ಲ, ಆದರೆ ವೈರಸ್ಸನ್ನು ಅದುಮಿಡುತ್ತದೆ, ಕ್ಯಾನ್ಸರಿನ ಅಪಾಯವನ್ನೂ ಇಳಿಸುತ್ತದೆ. ತಾವಾಗಿ ನಿಲ್ಲಿಸಬಾರದು. ಈ ಡಾಕ್ಟರ ಬಗ್ಗೆ ನನಗೆ ಗೌರವ ಹೆಚ್ಚಾಗಿದ್ದು ಇಲ್ಲೇ. ತಮ್ಮ ಕ್ಲಿನಿಕ್ಕಿನ ಮೆಡಿಕಲ್ ಸ್ಟೋರಿಗೆ ಕಳಿಸದೆ, "ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತವಾಗಿ ಸಿಗುತ್ತೆ, ಅಲ್ಲಿ ಹೆಸರು ಬರೆಸಿ" ಅಂದರು. 2018ರ ಜುಲೈ 28ರಂದು ಕೇಂದ್ರ ಸರ್ಕಾರ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು. ಅದರಲ್ಲಿ ಬಿ ಮತ್ತು ಸಿ ಎರಡಕ್ಕೂ ಟೆಸ್ಟ್, ಮಾತ್ರೆ ಉಚಿತ. ಸಿ ಆದರೆ ಕೆಲವು ತಿಂಗಳ ಮಾತ್ರೆಯಲ್ಲಿ ಪೂರ್ತಿ ವಾಸಿಯಾಗುತ್ತದೆ. ಅಣ್ಣ ಈಗ ಸರ್ಕಾರಿ ಆಸ್ಪತ್ರೆಯಲ್ಲೇ ಮಾತ್ರೆ ತರುತ್ತಾನೆ.

ಮನೆಗೆ ಬಂದ ಮೇಲೆ ಅತ್ತಿಗೆ ಅವನ ತಟ್ಟೆ, ಲೋಟ ಬೇರೆ ಇಟ್ಟಿದ್ದರು. ಅಣ್ಣ ಏನೂ ಹೇಳದೆ ಮೂಲೆಯಲ್ಲಿ ಕೂತು ಮುದ್ದೆ ಮುರಿಯುತ್ತಿದ್ದ. ನೋಡಿ ಕರುಳು ಚುರ್ ಅಂತು. ಅಲ್ಲೇ ಡಾಕ್ಟರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಒಟ್ಟಿಗೆ ಉಂಡರೆ, ಅಪ್ಪಿಕೊಂಡರೆ, ಒಂದೇ ಲೋಟದಲ್ಲಿ ನೀರು ಕುಡಿದರೆ ಇದು ಬರುವುದಿಲ್ಲ. ಬ್ಲೇಡು, ಉಗುರು ಕತ್ತರಿ, ಹಲ್ಲುಜ್ಜುವ ಬ್ರಷ್ ಬೇರೆ ಇರಲಿ. ಅತ್ತಿಗೆಗೂ ಮಕ್ಕಳಿಗೂ ಟೆಸ್ಟ್ ಮಾಡಿಸಿ, ಇಲ್ಲದವರಿಗೆ ಲಸಿಕೆ ಹಾಕಿಸಿ. ಇಷ್ಟೇ ಅಂದರು. ಅವತ್ತು ರಾತ್ರಿಯೇ ತಟ್ಟೆ ಎಲ್ಲರ ತಟ್ಟೆ ಜೊತೆ ಸೇರಿತು.

ಲಸಿಕೆ ಮೂರು ಡೋಸು: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ವೈರಸ್ಸನ್ನು 1965ರಲ್ಲಿ ಗುರುತಿಸಿದ ಬರೂಕ್ ಬ್ಲಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಬಂತು.  ಕ್ಯಾನ್ಸರ್ ತಡೆಯುವ ಮೊದಲ ಲಸಿಕೆ ಇದು. ತೈವಾನಿನಲ್ಲಿ 1984ರಲ್ಲಿ ಶುರು ಮಾಡಿ, 1986ರಿಂದ ಹುಟ್ಟಿದ ಮಕ್ಕಳಿಗೆಲ್ಲ ಹಾಕಿದ ಮೇಲೆ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಇಳಿಯಿತು. ನಮ್ಮಲ್ಲಿ ಇಡೀ ದೇಶಕ್ಕೆ ಬಂದಿದ್ದು 2011ರ ಹೊತ್ತಿಗೆ. 2013ರಲ್ಲಿ ಹುಟ್ಟಿದ ನನ್ನ ಮಗನ ತಾಯಿ ಕಾರ್ಡಿನಲ್ಲಿ ಇದೆ. 2005ರಲ್ಲಿ ಹುಟ್ಟಿದ ಮಗಳ ಕಾರ್ಡಿನಲ್ಲಿ ಇಲ್ಲ. ಅವಳಿಗೂ ನನಗೂ ಈಗ ಒಟ್ಟಿಗೇ ಹಾಕಿಸುತ್ತಿದ್ದೇವೆ. ನಿಮ್ಮ ಮನೆಯ ಟ್ರಂಕಿನಲ್ಲೂ ಕಾರ್ಡುಗಳಿರುತ್ತವೆ, ತೆಗೆದು ನೋಡಿ.

ಜೀನ್ ರಿಪೋರ್ಟ್ ಬಂದಿದ್ದು ಮೂರು ವಾರಕ್ಕೆ, ರಾತ್ರಿ ಒಂಬತ್ತೂವರೆಗೆ, ಮೊಬೈಲಿಗೆ. ಮೇಲೇ ಕೆಂಪಕ್ಷರದಲ್ಲಿ 'ಹೈ ರಿಸ್ಕ್'. ವಿವರಿಸುವವರು ಯಾರೂ ಇಲ್ಲ. ನಮ್ಮೆಜಮಾನ್ರೂ ನಾನೂ ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. ಮಲಗುವ ಹೊತ್ತಿಗೆ ಒಬ್ಬರಿಗೆ ಇಂಥ ಕಾಗದ ಕಳಿಸಬಾರದು. ಯಾರು ಕಳಿಸಿದರೂ ತಪ್ಪು.

ಮಾರನೇ ವಾರ ಡಾಕ್ಟರು ಫೀಸ್ ಇಲ್ಲದೆ ಇಪ್ಪತ್ತು ನಿಮಿಷ ಕೂತು ಹೇಳಿದರು. ಆ ಜೀನಿನ ಹೆಸರು ಪಿಎನ್‌ಪಿಎಲ್‌ಎ3. ಅದಕ್ಕೂ ಫ್ಯಾಟಿ ಲಿವರಿಗೂ ನಂಟಿದೆ ಅಂತ ಗೊತ್ತಾಗಿದ್ದು 2008ರಲ್ಲಿ. ಅದು ಮಾಡುವ ಪ್ರೋಟೀನಿನಲ್ಲಿ 148ನೇ ಜಾಗದಲ್ಲಿ ಒಂದು ಅಮೈನೋ ಆಮ್ಲ ಬದಲಾದರೆ, ಲಿವರಿನ ಕೊಬ್ಬಿನ ಹನಿಗಳು ಸರಿಯಾಗಿ ಕರಗುವುದಿಲ್ಲ. ಗಾಣದ ಭಾಷೆಯಲ್ಲಿ ಹೇಳಬೇಕಂದರೆ, ಡ್ರಮ್ಮಿನ ಕೊಳಾಯಿಗೆ ಹಿಂಡಿ ಸಿಕ್ಕಿಕೊಂಡ ಹಾಗೆ. ಡ್ರಮ್ಮಿಗೆ ಸುರಿದಷ್ಟೂ ತೊಂದರೆ. ಸುರಿಯುವುದೇ ಕಮ್ಮಿ ಆದರೆ ಕೊಳಾಯಿ ಅರ್ಧ ಕಟ್ಟಿದ್ದರೂ ನಡೆಯುತ್ತದೆ. ಅಪ್ಪ, ಅಮ್ಮ ಇಬ್ಬರಿಂದಲೂ ಬಂದರೆ ಅಪಾಯ ಜಾಸ್ತಿ. ನನಗೆ ಒಬ್ಬರಿಂದ ಬಂದಿದೆ. ಈ ಬದಲಾವಣೆ ಇರುವವರು ಬಹಳ ಜನ, ಅವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಬರುವುದೇ ಇಲ್ಲ. ತೂಕ ಮತ್ತು ಕುಡಿತ ಸೇರಿದಾಗ ಈ ಜೀನು ತನ್ನ ಪೂರ್ತಿ ಬುದ್ಧಿ ತೋರಿಸುತ್ತದೆ. ಇದರ ಉಲ್ಟಾ, ಲಿವರನ್ನು ಸ್ವಲ್ಪ ಕಾಪಾಡುವ ಜೀನ್ ಬದಲಾವಣೆಯೂ ಇದೆಯಂತೆ.

"ಹಾಗಾದ್ರೆ ಟೆಸ್ಟ್ ಬೇಕಿತ್ತಾ ಸಾರ್?" ಅಂದೆ. "ಬೇಕಿರಲಿಲ್ಲ. ರಿಪೋರ್ಟ್ ಹೆಂಗೇ ಬಂದಿದ್ರೂ ನಾನು ನಿಮಗೆ ಹೇಳೋದು ಇದನ್ನೇ" ಅಂದರು. ಮೊದಲ ಭೇಟಿಯಲ್ಲೇ ಅವರು, "ನಿಮ್ಮ ತಂದೆ ತಾಯಿದು ಸಂಬಂಧದಲ್ಲಿ ಮದುವೆನಾ?" ಅಂತ ಕೇಳಿದ್ದರು. ಹೌದು, ಅಮ್ಮ ಅಪ್ಪನ ಸೋದರತ್ತೆ ಮಗಳು. ಲಿವರಿನಲ್ಲಿ ತಾಮ್ರ ತುಂಬಿಕೊಳ್ಳುವ ವಿಲ್ಸನ್ ಕಾಯಿಲೆಯಂಥವು ಸಂಬಂಧದ ಮದುವೆಗಳಲ್ಲಿ ಜಾಸ್ತಿ ಕಾಣುತ್ತವೆ. ಅಂಥ ಅನುಮಾನ ಇದ್ದಾಗ ಜೀನ್ ಟೆಸ್ಟ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಆದರೆ ಅದು ಬೇರೆ ಟೆಸ್ಟು, ಡಾಕ್ಟರು ಬರೆಯಬೇಕು.

ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಕಾಸಿಲ್ಲದೆ ಅಂದಾಜು ಮಾಡುವ ಒಂದು ಲೆಕ್ಕವನ್ನೂ ಕಲಿಸಿದರು. ಹೆಸರು ಫಿಬ್-4. ಇದಕ್ಕೆ ಬೇಕಾದ ಎಎಸ್‌ಟಿ, ಎಎಲ್‌ಟಿ ಅಂಕಿಗಳು ಲಿವರ್ ಫಂಕ್ಷನ್ ಟೆಸ್ಟಿನ ರಿಪೋರ್ಟಿನಲ್ಲಿರುತ್ತವೆ, ಪ್ಲೇಟ್‌ಲೆಟ್ ರಕ್ತದ ಕಣಗಳ ಎಣಿಕೆಯಲ್ಲಿ. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ. ಎಎಲ್‌ಟಿಯ ವರ್ಗಮೂಲವನ್ನು ಪ್ಲೇಟ್‌ಲೆಟ್‌ನಿಂದ ಗುಣಿಸಿ, ಪ್ಲೇಟ್‌ಲೆಟ್ ಸಾವಿರದ ಲೆಕ್ಕದಲ್ಲಿರಲಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ನನ್ನದು 44 ಗುಣಿಸು 34, ಅಂದರೆ 1,496. ಎಎಲ್‌ಟಿ 49, ವರ್ಗಮೂಲ 7, ಪ್ಲೇಟ್‌ಲೆಟ್ 2 ಲಕ್ಷ 40 ಸಾವಿರ, ಆದ್ದರಿಂದ 240 ಗುಣಿಸು 7, 1,680. ಭಾಗಿಸಿದರೆ 0.89. 1.3ಕ್ಕಿಂತ ಕಮ್ಮಿ ಇದ್ದರೆ ಚಿಂತೆ ಕಮ್ಮಿ, 2.67 ದಾಟಿದರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಬೇಕು. 65 ದಾಟಿದವರಿಗೂ 35ರ ಒಳಗಿನವರಿಗೂ ಈ ಲೆಕ್ಕ ಅಷ್ಟು ಸರಿ ಕೂರುವುದಿಲ್ಲ.

ತೂಕದ್ದು ನನ್ನ ಪಾಲಿನ ಕೆಲಸ. 71 ಕೆಜಿ ಇದ್ದೆ. ಶೇ 7ರಿಂದ 10ರಷ್ಟು ಇಳಿಸಿದರೆ ಲಿವರಿನ ಕೊಬ್ಬು, ಊತ ಎರಡೂ ಇಳಿಯುತ್ತವೆ. ಅಂದರೆ ನನಗೆ 5ರಿಂದ 7 ಕೆಜಿ. ಆಲೆಮನೆ ಪಕ್ಕದಲ್ಲೇ ಬೆಳೆದವಳಿಗೆ ಬಿಸಿ ಬೆಲ್ಲ, ಕಬ್ಬಿನ ಹಾಲು ಬಿಡುವುದು ಸುಲಭವಲ್ಲ. ಬೆಲ್ಲ ಆರೋಗ್ಯಕ್ಕೆ ಒಳ್ಳೇದು ಅಂತ ನಾವು ನಂಬಿದ್ದೇವೆ, ಲಿವರಿಗೆ ಮಾತ್ರ ಅದೂ ಸಕ್ಕರೆಯೇ. ಈಗ 67ಕ್ಕೆ ಬಂದಿದ್ದೇನೆ. ಕಾಫಿ ಬಿಡಬೇಕೇನೋ ಅಂತ ಹೆದರಿದ್ದೆ. ಬೇಡ ಅಂದರು! ಕಾಫಿ ಕುಡಿಯುವವರಲ್ಲಿ ಲಿವರ್ ಕ್ಯಾನ್ಸರ್ ಕಡಿಮೆ ಕಾಣುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲೇ ಹೇಳಿದೆ. ಸಕ್ಕರೆ ಹಾಕದೆ ಕುಡಿಯಬೇಕು ಅಷ್ಟೇ.

ಅಣ್ಣನಿಗೆ ಕಟ್ಟುನಿಟ್ಟು ಜಾಸ್ತಿ. ವಾರಕ್ಕೆರಡು ದಿನ ಒಂದು ಕ್ವಾರ್ಟರ್ ತಗೊಳ್ಳುತ್ತಿದ್ದ. 180 ಎಂಎಲ್ ಅಂದರೆ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್. ಅದನ್ನು ಕರಗಿಸುವುದಕ್ಕೆ ಲಿವರಿಗೆ ಆರೆಂಟು ಗಂಟೆ ಬೇಕು. ವೈರಸ್ ಇರುವ ಲಿವರಿಗೆ ಒಂದು ಹನಿಯೂ ಬೇಡ ಅಂದರು. ಬೀಡಿಯೂ ಬೇಡ, ಅದೂ ಲಿವರ್ ಕ್ಯಾನ್ಸರಿಗೆ ಒಂದು ಕಾರಣ. ಕುಡಿತ ಬಿಟ್ಟಿದ್ದಾನೆ. ಬೀಡಿ ಇನ್ನೂ ಪೂರ್ತಿ ಬಿಟ್ಟಿಲ್ಲ.

ಡಾಕ್ಟರು ಕೇಳಿದ ಇನ್ನೊಂದು ಪ್ರಶ್ನೆ ನನ್ನ ಗಾಣವನ್ನೇ ಬದಲಾಯಿಸಿತು. ಏನು ಕೆಲಸ ಅಂತ ಕೇಳಿ, ಕಡಲೆಕಾಯಿ ಎಣ್ಣೆ ಅಂದ ತಕ್ಷಣ ಪೆನ್ನು ಕೆಳಗಿಟ್ಟು, "ಬೀಜ ಹೆಂಗೆ ಒಣಗಿಸ್ತೀರಾ? ಬೂಷ್ಟು ಹಿಡಿದಿದ್ದನ್ನ ಏನು ಮಾಡ್ತೀರಾ?" ಅಂದರು. ಕಡಲೆಕಾಯಿ, ಜೋಳ, ಕೊಬ್ಬರಿ, ಒಣಮೆಣಸಿನಕಾಯಿ ತೇವದಲ್ಲಿ ಉಳಿದರೆ ಹಿಡಿಯುವ ಒಂದು ಬೂಷ್ಟು ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುತ್ತದೆ. ಲಿವರ್ ಕ್ಯಾನ್ಸರ್ ತರುತ್ತದೆ ಅಂತ ಸಂಶಯವಿಲ್ಲದೆ ಸಾಬೀತಾದ ವಿಷ. ಹುರಿದರೂ ಪೂರ್ತಿ ಹೋಗುವುದಿಲ್ಲ. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮುಸುಕಿನ ಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಹೆಪಟೈಟಿಸ್ ಬಿ ಇದ್ದವರಿಗೆ ಈ ವಿಷವೂ ಸೇರಿದರೆ ಅಪಾಯ ಕೂಡುವುದಿಲ್ಲ, ಗುಣಿಸುತ್ತದೆ.

ನಾನು ತಣ್ಣಗಾಗಿಬಿಟ್ಟೆ. ನಮ್ಮ ಗಾಣದಲ್ಲಿ ಒಳ್ಳೇ ಬೀಜ ಗಿರಾಕಿಗೆ, ಸೊಟ್ಟ, ಸುಕ್ಕು, ಬಣ್ಣ ಕೆಟ್ಟಿದ್ದು ಮನೆಗೆ. ಅಪ್ಪ ಸಾಯಂಕಾಲ ಅದನ್ನೇ ಹುರಿದು ತಿನ್ನುತ್ತಿದ್ದರು. ಬಿಸಾಡಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ. ವಿಷ ಜಾಸ್ತಿ ಇರುವುದು ಅಂಥ ಬೀಜದಲ್ಲೇ. ಅಪ್ಪನ ಕಾಯಿಲೆಗೆ ಅದೂ ಸೇರಿತ್ತಾ ಅಂತ ಯಾರೂ ಹೇಳಲಾರರು. ನಾನು ಮಾತ್ರ ಅವತ್ತಿನಿಂದ ಆರಿಸಿದ ಕೆಟ್ಟ ಬೀಜವನ್ನು ಮನೆಗೂ ತರುವುದಿಲ್ಲ, ಹಿಂಡಿಗೂ ಸೇರಿಸುವುದಿಲ್ಲ. ಹಿಂಡಿ ತಿಂದ ಹಸುವಿನ ಹಾಲಿಗೂ ವಿಷ ಬರುತ್ತದೆ. ರಿಫೈನ್ ಮಾಡಿದ ಎಣ್ಣೆಯಲ್ಲಿ ಇದು ಬಹುಪಾಲು ಹೋಗುತ್ತದೆ, ಗಾಣದ ಎಣ್ಣೆ ರಿಫೈನ್ ಆಗುವುದಿಲ್ಲ. ಹಾಗಾಗಿ ಗಾಣದವರು ಬೀಜ ಆರಿಸುವುದರಲ್ಲೇ ಗಟ್ಟಿಯಾಗಿರಬೇಕು. ಆರಿಸಲು ಇಬ್ಬರು ಹೆಂಗಸರನ್ನು ಹೊಸದಾಗಿ ಇಟ್ಟುಕೊಂಡಿದ್ದೇನೆ. ಲೀಟರಿಗೆ 10 ರೂಪಾಯಿ ಏರಿಸಿದ್ದು ಇದಕ್ಕೇ, ನನ್ನ ಗಿರಾಕಿಗಳು ಯಾರಾದರೂ ಓದುತ್ತಿದ್ದರೆ ತಿಳಿಯಲಿ.

ಅಂಕ ಕೊಡಬೇಕಂದರೆ ಡಾಕ್ಟರಿಗೆ ಐದಕ್ಕೆ ಐದು, ಫೈಬ್ರೋಸ್ಕ್ಯಾನಿಗೆ ನಾಲ್ಕು, ಕೌಂಟರಿಗೆ ಎರಡು. ಜೀನ್ ಟೆಸ್ಟ್ ಮಾರುವ ರೀತಿಗೆ ಏನೂ ಇಲ್ಲ. ಎಎಫ್‌ಪಿ ಒಂದನ್ನೇ ಮಾಡಿಸಿ ನಾರ್ಮಲ್ ಬಂತು ಅಂತ ನೆಮ್ಮದಿಯಾಗಬೇಡಿ, ಕ್ಯಾನ್ಸರ್ ಇದ್ದೂ ಅದು ಏರದೆ ಇರಬಹುದು. ಮನೆಯಲ್ಲಿ ಯಾರಿಗಾದರೂ ಲಿವರ್ ಕ್ಯಾನ್ಸರ್ ಆಗಿದ್ದರೆ ಅವರ ಹಳೆಯ ಫೈಲು ತಪ್ಪದೆ ಒಯ್ಯಿರಿ.

ಅಣ್ಣನಿಗೆ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಆಗಬೇಕು. ಮುಂದಿನದು ಸೆಪ್ಟೆಂಬರಿನಲ್ಲಿ. ನನ್ನ, ಮಗಳ ಮೂರನೇ ಡೋಸೂ ಆಗಲೇ ಬರುತ್ತದೆ. ಮೂವರೂ ಒಂದೇ ದಿನ ಹೋಗುತ್ತೇವೆ. ತಿಂಡಿ ಡಬ್ಬಿಯಲ್ಲಿ ಕಟ್ಟಿಕೊಂಡು ಹೋಗಿ, ಸ್ಕ್ಯಾನ್ ಮುಗಿದ ಮೇಲೆ ಅಲ್ಲೇ ಕೂತು ಒಟ್ಟಿಗೆ ತಿನ್ನುವುದು ಅಂತ ಮಾತಾಗಿದೆ.